ಕಾಲ್ಪನಿಕ ಕಾಲುವೆಯ ಹನ್ನೊಂದು ಪೈಪುಗಳು

ನಮ್ಮ ಉಪಕಾಲುವೆಯ ಉಸ್ತುವಾರಿ ಹೊತ್ತಿರುವ ಎಂಜಿನಿಯರ್ ಸಾಹೇಬರಿಗೆ,

ಮಾನ್ಯರೇ,

ಕಿಕ್ಕೇರಿ ಹೋಬಳಿಯ ಕರಿಯಯ್ಯನವರಿಗೆ, ಎಪ್ಪತ್ತನಾಲ್ಕು ವರ್ಷದ ಮುದುಕರಿಗೆ, ತಾವು ನೋಟಿಸು ಕಳಿಸಿದ್ದೀರಿ. ಶಾಲೆಯ ಮಕ್ಕಳ ಜೊತೆ ಕೂತು ಅವರು ಒಂದು ಕಂಪ್ಯೂಟರ್ ಆಟ ಮಾಡಿದ್ದೇ ಅಪರಾಧ. ಆ ಆಟದಲ್ಲಿರುವ ಕಾಲುವೆಯೂ ಅದರ ಹನ್ನೊಂದು ಪೈಪುಗಳೂ ಸಂಪೂರ್ಣ ಕಾಲ್ಪನಿಕವೆಂದು ಏಳು ದಿನದೊಳಗೆ ಬರೆದುಕೊಡಬೇಕು, ತಪ್ಪಿದರೆ ಪೊಲೀಸರಿಗೆ ದೂರು ಎಂದು ಹೆದರಿಸಿದ್ದೀರಿ. ಇವತ್ತು ಐದನೆಯ ದಿನ. ಕರಿಯಯ್ಯನವರಿಗೆ ಓದಲು ಬರುವುದಿಲ್ಲವಾದ್ದರಿಂದ ನೋಟಿಸನ್ನು ಓದಿ ಹೇಳುವ ಪುಣ್ಯ ನನ್ನ ಪಾಲಿಗೆ ಬಂತು. ಉತ್ತರವನ್ನೂ ನಾನೇ ಬರೆಯುತ್ತಿದ್ದೇನೆ. ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ, ಏಕೆಂದರೆ ತಮ್ಮ ಕಚೇರಿಗೆ ಲಕೋಟೆಯಲ್ಲಿ ಹೋದ ಕಾಗದಗಳು ಎಲ್ಲಿ ಮಲಗುತ್ತವೆ ಎಂದು ನನ್ನಷ್ಟು ಚೆನ್ನಾಗಿ ಬಲ್ಲವರು ಈ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ.

ನನ್ನ ಹೆಸರು ಸುಭಾನ್. ಮೂವತ್ತಾರು ವರ್ಷ ಕೆ.ಆರ್. ಪೇಟೆಯಲ್ಲಿ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಜನರಿಗೆ ಅರ್ಜಿ ಬರೆದುಕೊಟ್ಟವನು. ‘ತಮ್ಮ ಕೃಪಾಕಟಾಕ್ಷ’, ‘ತಮ್ಮಲ್ಲಿ ಸವಿನಯ ಪ್ರಾರ್ಥನೆ’, ‘ಬಡವನ ಮೇಲೆ ದಯೆ ತೋರಿ’ ಎಂಬ ಮಾತುಗಳನ್ನು ನಾನು ಎಷ್ಟು ಸಲ ಬಡಿದಿದ್ದೇನೆಂದರೆ, ಟೈಪ್‌ರೈಟರಿನಲ್ಲಿ ದಕಾರದ ಕೀಲಿ ಎಲ್ಲಕ್ಕಿಂತ ಮೊದಲು ಸವೆದುಹೋಯಿತು. ತಮಗಿಂತ ಮೊದಲು ಆ ಕುರ್ಚಿಯಲ್ಲಿದ್ದ ಒಂಬತ್ತು ಮಂದಿಯನ್ನು ನಾನು ಹೀಗೆ ಹೊಗಳಿದ್ದೇನೆ. ಅವರಲ್ಲಿ ಒಬ್ಬರಾದರೂ ಹೊಗಳಿಕೆಗೆ ಯೋಗ್ಯರಾಗಿದ್ದರೇ ಎಂದು ಕೇಳಬೇಡಿ, ಹೊಟ್ಟೆಪಾಡಿನ ಸುಳ್ಳುಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ. ಇದು ನನ್ನ ಸ್ವಂತ ಹೆಸರಿನಲ್ಲಿ ನಾನು ಬರೆಯುತ್ತಿರುವ ಮೊದಲ ಕಾಗದ. ಇದರಲ್ಲಿ ಪ್ರಾರ್ಥನೆ ಇಲ್ಲ.

ಮೊದಲು ಕರಿಯಯ್ಯನವರು ಯಾರೆಂದು ಹೇಳಬೇಕು, ಏಕೆಂದರೆ ಆ ವಿಷಯದಲ್ಲಿ ತಮ್ಮ ಕಚೇರಿಗೇ ಗೊಂದಲವಿದೆ. ಅವರು ನೀರುಗಂಟಿ. ಮೂವತ್ತೆಂಟು ವರ್ಷ ನಮ್ಮ ಉಪಕಾಲುವೆಯ ತೂಬೆತ್ತಿ, ಗುದ್ದಲಿ ಹೆಗಲಿಗಿಟ್ಟು, ನೀರಿನ ಜೊತೆ ನಡೆದು ಗದ್ದೆಗಳಿಗೆ ಸರದಿಯಂತೆ ನೀರು ಹಂಚಿದವರು. ಅವರ ತಂದೆಯೂ ಅದೇ ಕೆಲಸ ಮಾಡಿದ್ದರು. ತೂಬಿನ ಬಾಗಿಲು ಜಾರಿ ಬಿದ್ದು ಅವರ ಎಡಗಾಲಿನ ಎರಡು ಬೆರಳು ಹೋಗಿವೆ. ಬೆರಳು ಹೋದ ದಿನವೂ ಅವರು ಕಾಲಿಗೆ ಬಟ್ಟೆ ಸುತ್ತಿಕೊಂಡು ಸರದಿ ಮುಗಿಸಿಯೇ ಮನೆಗೆ ಹೋದರು.

ಹೋದ ವರ್ಷ ನಮ್ಮ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಹಿರಿಯರೂ ಕಿರಿಯರೂ ಕೂಡಿ ಕಲಿಯುವ ತರಗತಿ ಶುರುವಾಯಿತು. ಶಾಲೆಯ ಹೆಸರು ಬರೆಯುವುದಿಲ್ಲ, ಅದಕ್ಕೂ ತಾವು ನೋಟಿಸು ಕಳಿಸಿಬಿಟ್ಟೀರಿ. ಶನಿವಾರ ಮಧ್ಯಾಹ್ನ ಊರಿನ ಮುದುಕ ಮುದುಕಿಯರು ಬಂದು ತಮಗೆ ಗೊತ್ತಿರುವ ಕಸುಬು ಹೇಳಬೇಕು, ಒಂಬತ್ತನೇ ತರಗತಿಯ ಮಕ್ಕಳು ಕಂಪ್ಯೂಟರ್ ಹೇಳಿಕೊಡಬೇಕು, ಎರಡೂ ಸೇರಿಸಿ ಒಂದು ಆಟ ಕಟ್ಟಬೇಕು. ವಿಜ್ಞಾನದ ಮೇಷ್ಟ್ರು ಶಿವಶಂಕರ್ ಇದನ್ನು ತಲೆಗೆ ಹಚ್ಚಿಕೊಂಡು ಓಡಾಡಿದರು. ಆದರೆ ಯೋಜನೆಯ ನಿಯಮದ ಪ್ರಕಾರ ಹಿರಿಯರು ತಮ್ಮ ಕಸುಬಿನ ದೃಢೀಕರಣ ಪತ್ರ ತರಬೇಕಿತ್ತು. ನಾನು ಕರಿಯಯ್ಯನವರ ಪರವಾಗಿ ತಮ್ಮ ಕಚೇರಿಗೆ ಅರ್ಜಿ ಬರೆದೆ. ಎರಡು ತಿಂಗಳ ನಂತರ ಉತ್ತರ ಬಂತು. ‘ಸದರಿ ಹೆಸರಿನ ವ್ಯಕ್ತಿಯು ಈ ಕಚೇರಿಯ ವ್ಯಾಪ್ತಿಯಲ್ಲಿ ನೀರುಗಂಟಿಯಾಗಿ ಕಾರ್ಯನಿರ್ವಹಿಸಿರುವುದು ದಾಖಲೆಗಳಿಂದ ಕಂಡುಬಂದಿರುವುದಿಲ್ಲ.’

ಅದನ್ನು ಓದಿ ಹೇಳಿದಾಗ ಅವರು ಮರಕ್ಕೆ ಒರಗಿ ನಿಂತಿದ್ದರು.

“ಅಂಗಂದ್ರೇನು ಸಾಬ್ರೇ?”

“ಅಂಗಂದ್ರೆ ನೀನು ಇರ್ಲಿಲ್ಲ ಅಂತ ಕರಿಯಣ್ಣ.”

“ಅಂಗಾರೆ ಮೂವತ್ತೆಂಟ್ ವರ್ಸ ತೂಬೆತ್ತಿದ್ದೋರು ಯಾರಂತೆ?”

ನಾನು ನಕ್ಕುಬಿಟ್ಟೆ. ಆ ನಗುವಿಗೆ ಇವತ್ತಿಗೂ ನನಗೆ ನಾಚಿಕೆಯಿದೆ. ಅವರ ಪ್ರಶ್ನೆಯನ್ನು ತಮ್ಮ ಮುಂದೆ ಇಡುತ್ತಿದ್ದೇನೆ, ಪುರುಸೊತ್ತಾದಾಗ ಉತ್ತರ ಹುಡುಕಿ. ಆ ಎರಡು ಬೆರಳು ಯಾರವು ಎಂಬುದನ್ನೂ ಅದೇ ಕಡತದಲ್ಲಿ ಹುಡುಕಬಹುದು. ಮೇಷ್ಟ್ರು ಒಳ್ಳೆಯವರಾದ್ದರಿಂದ ಕರಿಯಯ್ಯನವರನ್ನು ‘ಕಸುಬಿಲ್ಲದ ವೃದ್ಧರು’ ಎಂಬ ಪಟ್ಟಿಯಲ್ಲಿ ಸೇರಿಸಿಕೊಂಡರು. ನನ್ನನ್ನೂ ಅದೇ ಪಟ್ಟಿಗೆ ಹಾಕಿದರು. ಹೀಗೆ ನಾವಿಬ್ಬರೂ ಸಹಪಾಠಿಗಳಾದೆವು.

ಮೊದಲ ಎರಡು ಶನಿವಾರ ಕರಿಯಯ್ಯನವರು ಬಾಗಿಲ ಹತ್ತಿರವೇ ನಿಂತಿದ್ದರು. ಮೂರನೆಯ ವಾರ ರಮ್ಯ ಎಂಬ ಹುಡುಗಿ ಕುರ್ಚಿ ಎಳೆದು, ಕೈ ಹಿಡಿದು ಕೂರಿಸಿದಳು. ತಮ್ಮ ಕಚೇರಿಯಲ್ಲಿ ಮೂವತ್ತೆಂಟು ವರ್ಷದಲ್ಲಿ ಯಾರಿಗೂ ಹೊಳೆಯದ ಕೆಲಸ ಅದು. ಕಂಪ್ಯೂಟರಿನ ಮೇಲೆ ಬಣ್ಣಬಣ್ಣದ ತುಂಡುಗಳನ್ನು ಒಂದಕ್ಕೊಂದು ಕೂಡಿಸಿದರೆ ಚಿತ್ರಗಳು ಚಲಿಸುತ್ತವೆ, ಆಟ ಕಟ್ಟುವುದೆಂದರೆ ಅಷ್ಟೇ ಎಂದು ಅವಳು ನಮಗೆ ತೋರಿಸಿಕೊಟ್ಟಳು. ಮಕ್ಕಳು ಮೊದಲು ಕಟ್ಟಿದ ಕಾಲುವೆಯಲ್ಲಿ ನೀರು ಎಲ್ಲ ಗದ್ದೆಗೂ ಒಂದೇ ಸಮನೆ, ಶಿಸ್ತಾಗಿ ತುಂಬುತ್ತಿತ್ತು. ಕರಿಯಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ನೀರು ಇಂಗೆ ಸಾಲಾಗ್ ಓಗಾಕಿಲ್ಲ ಕಣ್ ಮಗ. ನೀರ್ಗೇನು ಇಸ್ಕೂಲೈತಾ?”

ಆಮೇಲೆ ಅವರು ನೀರು ಹೇಗೆ ಹೋಗುತ್ತದೆ ಎಂದು ಹೇಳುತ್ತ ಹೋದರು. ಏಡಿ ಬಿಲ ಕೊರೆದರೆ ಬದು ಹೇಗೆ ಒಳಗೊಳಗೇ ಸೋರುತ್ತದೆ, ಅದನ್ನು ಹುಲ್ಲು ಮೆತ್ತಿ ಹೇಗೆ ಮುಚ್ಚಬೇಕು, ಕೊನೆಯ ಗದ್ದೆಗೆ ಮೊದಲು ನೀರು ಮುಟ್ಟಿಸಿ ಆಮೇಲೆ ಮೇಲಕ್ಕೆ ಬರುತ್ತ ಯಾಕೆ ಹಂಚಬೇಕು, ಎಲ್ಲವನ್ನೂ ಹೇಳಿದರು. ತೂಬೆತ್ತಿದ ಮೇಲೆ ಅವರು ನೀರಿಗೆ ಒಂದು ಹೊಂಗೆ ಎಲೆ ಹಾಕಿ ಅದರ ಪಕ್ಕದಲ್ಲೇ ನಡೆಯುತ್ತಿದ್ದರಂತೆ. ಎಲೆ ಎಲ್ಲಿ ತಡೆದು ಸುತ್ತು ಹೊಡೆಯುತ್ತದೋ ಅಲ್ಲಿ ಕೆಳಗೆ ಯಾರೋ ಬಾಯಿ ತೆರೆದಿದ್ದಾರೆ ಎಂದು ಅರ್ಥ. ಮಕ್ಕಳು ಆ ಎಲೆಯನ್ನೇ ಆಟಕ್ಕೆ ತಂದರು. ಆಡುವವರು ತೂಬಿನ ಮನೆಯಿಂದ ಹೊರಟು, ಎಲೆಯ ಹಿಂದೆ ನಡೆದು, ಹೊತ್ತು ಮುಳುಗುವುದರೊಳಗೆ ಕೊನೆಯ ಗದ್ದೆಗೆ ನೀರು ಮುಟ್ಟಿಸಬೇಕು. ಆಟಕ್ಕೆ ‘ಕೊನೆ ಗದ್ದೆ’ ಎಂದು ಹೆಸರಿಟ್ಟರು. ಪರದೆಯ ಮೇಲಿನ ಮಾತು ಬರೆಯುವುದು ನನ್ನ ಪಾಲಿಗೆ ಬಂತು. ಸೋತವರಿಗೆ ‘ಸದರಿ ಗದ್ದೆಗೆ ನೀರು ತಲುಪಿರುವುದಿಲ್ಲ’ ಎಂದು ಬರೆದಿದ್ದೆ. ಮಕ್ಕಳು ಬಿದ್ದು ಬಿದ್ದು ನಕ್ಕು ಅದನ್ನು ‘ನೀರು ಬರಲಿಲ್ಲ’ ಎಂದು ತಿದ್ದಿದರು. ಮೂವತ್ತಾರು ವರ್ಷ ನಾನು ಬಗ್ಗಿಸಿ ಬರೆದದ್ದನ್ನು ಹದಿನಾಲ್ಕರ ಹುಡುಗರು ಎರಡು ಪದದಲ್ಲಿ ನೆಟ್ಟಗೆ ಮಾಡಿದರು.

ಇಲ್ಲಿ ಒಂದು ತಪ್ಪು ನಡೆಯಿತು, ಅದನ್ನು ಒಪ್ಪಿಕೊಳ್ಳುತ್ತೇನೆ. ಆಟಕ್ಕೆ ಒಂದು ಕಾಲುವೆಯ ನಕ್ಷೆ ಬೇಕಿತ್ತು. “ಯಾವ್ದಾದ್ರೂ ಒಂದು ಕಾಲುವೆ ಹೇಳಿ, ಸುಮ್ನೆ ಕಲ್ಪಿಸಿಕೊಂಡು ಹೇಳಿದ್ರೂ ಸಾಕು” ಎಂದು ಮೇಷ್ಟ್ರು ಹೇಳಿದರು. ಕರಿಯಯ್ಯನವರಿಗೆ ಆ ಮಾತು ತಲೆಗೆ ಹೋಗಲಿಲ್ಲ.

“ಇಲ್ದೇ ಇರೋ ಕಾಲ್ವೆನ ಎಂಗ್ ಏಳ್ಲಿ ಸಾ? ನಂಗೊಂದೇ ಗೊತ್ತಿರಾದು.”

ಗೊತ್ತಿದ್ದ ಆ ಒಂದನ್ನೇ ಕಣ್ಣು ಮುಚ್ಚಿ ಹೇಳಿದರು. ಮೋರಿ, ಮುರಿದ ಮೆಟ್ಟಿಲು, ಜೋಡಿ ಹುಣಸೆಮರ, ನೀಲಿ ಬಾಗಿಲಿನ ಮೋಟಾರು ಮನೆ, ಯಾವುದನ್ನೂ ಬಿಡಲಿಲ್ಲ. ದಾರಿಯುದ್ದಕ್ಕೂ ಮೇಲಿನ ಗದ್ದೆಯವರು ನೀರು ಕದಿಯಲು ಬದುವಿನ ಕೆಳಗೆ ಹೂತು ಮೇಲೆ ಚಪ್ಪಡಿ ಮುಚ್ಚಿರುವ ಪೈಪುಗಳನ್ನೂ ಒಂದು, ಎರಡು ಎಂದು ಎಣಿಸುತ್ತ ಹೇಳಿದರು. ಅವರು ಹೇಳಿದ್ದನ್ನೆಲ್ಲ ಅವರು ಹೇಳಿದ ಜಾಗದಲ್ಲೇ ಮಕ್ಕಳು ಬರೆದರು. ತಮ್ಮ ಕಚೇರಿಯ ನಕ್ಷೆಯಲ್ಲಿ ಇಲ್ಲದ್ದು ಶಾಲೆಯ ಕಂಪ್ಯೂಟರಿನಲ್ಲಿ ಹೀಗೆ ಮೂಡಿತು.

ಎಣಿಸುವಾಗ ಅವರು ಆರು ಆದ ಮೇಲೆ ಎಂಟು ಎಂದರು. ಪೈಪನ್ನು ಬಿಟ್ಟರು, ಆದರೆ ಲೆಕ್ಕವನ್ನು ಸುಳ್ಳು ಮಾಡಲು ಅವರಿಗೆ ಬರಲಿಲ್ಲ. ರಮ್ಯ ಕೈ ನಿಲ್ಲಿಸಿದಳು.

“ತಾತ, ಏಳ್ನೇದ್ಯಾಕ್ ಬುಟ್ಟೆ?”

“ಏಳ್ನೇದಿಲ್ಲ ಕಣವ್ವ. ಮುಂದಕ್ ನಡಿ.”

“ಅದು ನಮ್ದು ಅಂತ ನಂಗೊತ್ತು ತಾತ. ಎಲ್ಲಿ ಬರ್ತದೆ ಏಳು, ಆಕ್ತೀನಿ.”

ಏಳನೆಯ ಪೈಪು ಅವಳ ಮನೆಯವರದು. ಕರಿಯಯ್ಯನವರು ಜಾಗ ಹೇಳಿದರು. ಅವಳು ತನ್ನ ಕೈಯಾರೆ ತನ್ನ ಮನೆಯ ಪೈಪನ್ನು ಆಟಕ್ಕೆ ಸೇರಿಸಿದಳು. ಈ ಸಂಗತಿಯನ್ನು ಪತ್ರದಲ್ಲಿ ಬರೆಯಲೇ ಎಂದು ಅವಳನ್ನೇ ಕೇಳಿದ್ದೇನೆ, “ಬರಿ ತಾತ” ಎಂದಳು. ಮಾನ್ಯರೇ, ಆ ಕುರ್ಚಿಯಲ್ಲಿ ಕೂರಲು ತಾವು ಎಷ್ಟೋ ಪರೀಕ್ಷೆ ಪಾಸು ಮಾಡಿದ್ದೀರಿ. ಇಂಥದೊಂದು ಪರೀಕ್ಷೆಗೆ ಒಂದು ದಿನವಾದರೂ ಕೂತಿದ್ದೀರಾ?

ಜನವರಿಯಲ್ಲಿ ಪಾಂಡವಪುರದಲ್ಲಿ ನಾಲ್ಕು ತಾಲ್ಲೂಕಿನ ಶಾಲೆಗಳ ಪ್ರದರ್ಶನ ನಡೆಯಿತು. ಶ್ರೀರಂಗಪಟ್ಟಣದವರು ಹೊಳೆಯಲ್ಲಿ ತೆಪ್ಪ ನಡೆಸುವ ಆಟ ತಂದಿದ್ದರು. ನಾಗಮಂಗಲದಿಂದ ಬಂದ ದೇವಲಾಪುರ ಕಡೆಯ ಮಕ್ಕಳು ಮಂದೆಯಿಂದ ತಪ್ಪಿಸಿಕೊಂಡ ಕುರಿ ಹುಡುಕುವ ಆಟ ಮಾಡಿದ್ದರು. ನಮ್ಮ ಆಟದ ಮುಂದೆ ಅಷ್ಟೇನೂ ಜನರಿರಲಿಲ್ಲ, ಪುಟ್ಟತಾಯಮ್ಮ ಎಂಬುವರು ಬರುವ ತನಕ. ಅವರು ನಮ್ಮದೇ ಕಾಲುವೆಯ ಕೊನೆಯ ಊರಿನವರು, ಮೊಮ್ಮಗನ ಶಾಲೆಯ ಬಸ್ಸಿನಲ್ಲಿ ಬಂದಿದ್ದರು. ಪರದೆ ನೋಡುತ್ತಲೇ ಅವರ ಮುಖ ಬದಲಾಯಿತು.

“ಇದು ನಮ್ ಕಾಲ್ವೆ ಅಲ್ವಾ? ಇದೇ ಜೋಡುಣ್ಸೆ, ಇದೇ ಮೋರಿ. ಬುಡು ಮಗ, ನೀರ್ ಬುಡು ನೋಡವಾ.”

ರಮ್ಯ ಅವರ ಬೆರಳು ಹಿಡಿದು ಆಡಿಸಿದಳು. ಎಲೆ ಆರು ಕಡೆ ಸುತ್ತಿತು, ಹೊತ್ತು ಮುಳುಗಿತು, ಪರದೆಯ ಮೇಲೆ ನಮ್ಮ ಎರಡು ಪದ ಬಂತು. ಓದಿ ಹೇಳಿ ಎಂದರು, ನಾನು ಓದಿದೆ. ಅವರು ಸೆರಗಿನಿಂದ ಕೈ ಒರೆಸಿಕೊಂಡು, “ಆಟ್ದಾಗೂ ಬರಾಕಿಲ್ವಾ ನಮ್ಗೆ?” ಎಂದರು. ಅರ್ಧ ಗಂಟೆಯಲ್ಲಿ ಕೊನೆಯ ಮೂರು ಊರಿನವರು ಸಾಲಾಗಿ ನಿಂತಿದ್ದರು. ಹನ್ನೆರಡು ವರ್ಷದಿಂದ ನೀರು ಯಾಕೆ ಬರುತ್ತಿಲ್ಲವೆಂದು ತಮ್ಮ ಕಚೇರಿಗೆ ಅಲೆದವರು ಅವರು. ‘ಮೇಲಿನಿಂದಲೇ ಹರಿವು ಕಡಿಮೆ’ ಎಂಬ ಉತ್ತರವನ್ನು ಬಾಯಿಪಾಠ ಮಾಡಿಕೊಂಡವರು. ಕಾರಣವನ್ನು ಅವರು ಅವತ್ತು ಕಣ್ಣಾರೆ ಕಂಡರು.

ಮುಖ್ಯ ಅತಿಥಿಗಳಾಗಿ ತಾವೂ ಬಂದಿರಿ. ಶಾಲು ಹೊದ್ದಿದ್ದಿರಿ, ಹಾರ ಇನ್ನೂ ಕೊರಳಲ್ಲಿತ್ತು. ಆಟ ಯಾವುದೆಂದು ಕೇಳದೆಯೇ ಬಹಳ ಚೆನ್ನಾಗಿದೆ ಎಂದಿರಿ. ಮಕ್ಕಳ ಒತ್ತಾಯಕ್ಕೆ ಆಡಲು ಕೂತಿರಿ. ಒಂದು ಸಲ ಸೋತಿರಿ, ಎರಡು ಸಲ ಸೋತಿರಿ, ಮೂರನೆಯ ಸಲ ತಮ್ಮ ಹಣೆಯಲ್ಲಿ ಬೆವರು ಬಂತು. ಅಲ್ಲಿ ನಡೆದ ಮಾತು ತಮಗೆ ಮರೆತಿದ್ದರೆ, ನನ್ನ ಕೆಲಸವೇ ಬರೆದಿಡುವುದು.

“ಇದನ್ನ ಗೆಲ್ಲೋದು ಹೇಗಮ್ಮ?” ಎಂದಿರಿ.

“ಪೈಪ್ ಕೀಳ್ಬೇಕು ಸಾರ್. ಗುದ್ದಲಿ ಚಿತ್ರ ಇದೆಯಲ್ಲ, ಅದನ್ನ ಒತ್ತಿ” ಎಂದಳು ರಮ್ಯ.

“ಒತ್ತಿದೆ. ಏನೂ ಆಗ್ತಿಲ್ಲವಲ್ಲ.”

“ಪೈಪ್ ಹತ್ರ ಹೋಗಿ ಒತ್ತಬೇಕು ಸಾರ್. ನೀವು ತೂಬಿನ ಮನೇಲೇ ನಿಂತಿದ್ದೀರ.”

ಸಾಲಿನಲ್ಲಿದ್ದವರು ನಕ್ಕರು. ಆ ಹುಡುಗಿ ಕೊಂಕು ಮಾತಾಡಲಿಲ್ಲ, ಆಟದ ನಿಯಮ ಹೇಳಿದಳು. ತಾವು ಎದ್ದು, ಪ್ರಶಸ್ತಿ ಪತ್ರಕ್ಕೆ ಸಹಿ ಹಾಕಿ, ಫೋಟೋಗೆ ನಿಂತು ಹೋದಿರಿ. ಆ ಫೋಟೋ ನನ್ನ ಹತ್ತಿರ ಇದೆ. ಕರಿಯಯ್ಯನವರು ತಮ್ಮ ಎಡಕ್ಕೆ ನಿಂತಿದ್ದಾರೆ, ಅಂದರೆ ಅವರು ಇರುವುದು ಕಡೆಯ ಪಕ್ಷ ಫೋಟೋದಲ್ಲಾದರೂ ಕಂಡುಬಂದಿರುತ್ತದೆ.

ಹತ್ತು ದಿನಕ್ಕೆ ಶಾಲೆಯ ಆರೂ ಕಂಪ್ಯೂಟರುಗಳು ದುರಸ್ತಿಗೆಂದು ಹೋದವು. ಅವು ಕೆಟ್ಟಿರಲಿಲ್ಲ. ಅರವತ್ತು ದಾಟಿದವರು ಭದ್ರತೆಯ ದೃಷ್ಟಿಯಿಂದ ಶಾಲೆಯ ಆವರಣಕ್ಕೆ ಬರುವಂತಿಲ್ಲ ಎಂಬ ಸುತ್ತೋಲೆ ಬಂತು. ಮೇಷ್ಟ್ರಿಗೆ ಮೆಮೊ ಸಿಕ್ಕಿತು. ಇದೆಲ್ಲ ಯಾರ ಫೋನಿನಿಂದ ಆಯಿತು ಎಂದು ನಾನು ಊಹಿಸುವುದಿಲ್ಲ, ಊಹಿಸುವುದು ಕಾಲ್ಪನಿಕವಾಗುತ್ತದೆ. ರಮ್ಯಳ ಮನೆಯಲ್ಲಿ ಅವಳ ಅಜ್ಜ ಅವಳ ಕೈಯಿಂದ ಕಾಫಿ ಲೋಟ ತೆಗೆದುಕೊಳ್ಳುವುದನ್ನು ಬಿಟ್ಟಿದ್ದಾರೆ. ಹುಡುಗಿ ದಿನಾ ಕಾಫಿ ಮಾಡಿ ಜಗಲಿಯ ಮೇಲಿಟ್ಟು ಬರುತ್ತಾಳೆ, ಸಂಜೆ ತಣ್ಣಗಾದ ಲೋಟ ತೊಳೆದಿಡುತ್ತಾಳೆ. ಕೊನೆಗೆ ಬಂದದ್ದು ಕರಿಯಯ್ಯನವರಿಗೆ ನೋಟಿಸು.

ಆ ನೋಟಿಸನ್ನು ನಾನು ಹನ್ನೊಂದು ಸಲ ಓದಿದ್ದೇನೆ, ಪೈಪಿಗೊಂದರಂತೆ. ಇಷ್ಟು ಒಳ್ಳೆಯ ಬರವಣಿಗೆ ತಮ್ಮ ಕಚೇರಿಯಿಂದ ಹಿಂದೆಂದೂ ಬಂದಿರಲಿಲ್ಲ. ಮೊದಲ ಪ್ಯಾರಾದಲ್ಲಿ, ‘ತಾವು ಈ ಕಚೇರಿಯ ವ್ಯಾಪ್ತಿಯಲ್ಲಿ ನೀರುಗಂಟಿಯಾಗಿ ಸೇವೆ ಸಲ್ಲಿಸಿದ ಅವಧಿಯಲ್ಲಿ ತಮ್ಮ ಗಮನಕ್ಕೆ ಬಂದ ಇಲಾಖಾ ಮಾಹಿತಿಯನ್ನು ಅನುಮತಿಯಿಲ್ಲದೆ ಬಹಿರಂಗಪಡಿಸಿರುತ್ತೀರಿ’ ಎಂದಿದೆ. ಎರಡನೆಯ ಪ್ಯಾರಾದಲ್ಲಿ ಆ ಮಾಹಿತಿಯೆಲ್ಲ ಕಾಲ್ಪನಿಕವೆಂದು ಬರೆದುಕೊಡಿ ಎಂದಿದೆ. ಪೈಪುಗಳು ಇಲ್ಲವೆಂದಾದರೆ ಕರಿಯಯ್ಯನವರು ಬಹಿರಂಗಪಡಿಸಿದ್ದು ಏನನ್ನು? ಇಲಾಖೆಯ ಮಾಹಿತಿಯೇ ಆಗಿದ್ದರೆ, ಪೈಪುಗಳು ಇರುವುದು ಇಲಾಖೆಗೆ ಎಷ್ಟು ವರ್ಷದಿಂದ ಗೊತ್ತು? ತಾವು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಕೆಳಗೆ ಮೊಹರು ಹಾಕುವ ಧೈರ್ಯ ನನ್ನಂಥ ಅರ್ಜಿ ಬರೆಯುವವನಿಗೂ ಇರಲಿಲ್ಲ.

ಇನ್ನೊಂದು ವಿಷಯಕ್ಕೆ ತಮಗೆ ಕೃತಜ್ಞತೆ ಹೇಳಬೇಕು. ಮೂವತ್ತೆಂಟು ವರ್ಷದ ಸೇವೆಯನ್ನು ಕಾಣಲಾಗದ ದಾಖಲೆಗಳು, ಬೈಯಬೇಕಾದಾಗ ಅದನ್ನು ಕಂಡುಹಿಡಿದಿವೆ. ನೀರುಗಂಟಿ ಎಂದು ಸ್ವತಃ ತಾವೇ ಬರೆದಿದ್ದೀರಿ. ದಯವಿಟ್ಟು ಆ ನೋಟಿಸನ್ನು ಹಿಂತೆಗೆದುಕೊಳ್ಳಬೇಡಿ. ನೋಡಿದಿರಾ, ಇಷ್ಟು ಹೊತ್ತು ತಡೆದುಕೊಂಡಿದ್ದ ‘ದಯವಿಟ್ಟು’ ಕಡೆಗೂ ಬಂದೇಬಿಟ್ಟಿತು. ನೋಟಿಸನ್ನು ಲ್ಯಾಮಿನೇಷನ್ ಮಾಡಿಸಿದ್ದೇವೆ. ಕರಿಯಯ್ಯನವರು ಅದನ್ನು ಮನೆಯ ಗೋಡೆಗೆ ತೂಗುಹಾಕಿ, ಬಂದವರಿಗೆಲ್ಲ ಯಾವ ಸಾಲಿನಲ್ಲಿ ತಮ್ಮ ಕೆಲಸದ ಹೆಸರಿದೆ ಎಂದು ಬೆರಳಿಟ್ಟು ತೋರಿಸುತ್ತಾರೆ. ಓದಲು ಬಾರದಿದ್ದರೂ ಬೆರಳು ಸರಿಯಾದ ಜಾಗಕ್ಕೇ ಹೋಗುತ್ತದೆ.

ತಾವು ಕೇಳಿದ ಹೇಳಿಕೆಯ ಬಗ್ಗೆ ಅವರನ್ನು ಕೇಳಿದೆ. ಹೆಬ್ಬೆಟ್ಟು ಒತ್ತಿದರೆ ಪೊಲೀಸರ ಕಾಟ ಇರುವುದಿಲ್ಲ, ಯೋಚನೆ ಮಾಡು ಕರಿಯಣ್ಣ ಎಂದೆ.

“ನನ್ ಕಾಲ್ಬೆಳ್ಳು ಆ ಕಾಲ್ವೆಲೇ ಓಗವೆ ಸಾಬ್ರೇ. ಅದೇ ಇಲ್ಲ ಅಂತ ಎಬ್ಬೆಟ್ಟೊತ್ಲಾ?”

ಆದ್ದರಿಂದ ಅವರು ಬರೆದುಕೊಡುವುದಿಲ್ಲ. ಬರೆದುಕೊಡಬೇಕಾದವರು ತಾವು. ನಮ್ಮ ಬೇಡಿಕೆ ಇಷ್ಟು. ಆ ಹನ್ನೊಂದು ಪೈಪುಗಳು ಕಾಲ್ಪನಿಕ, ನಮ್ಮ ಕಾಲುವೆಯ ಬದುವಿನಲ್ಲಿ ಅಂಥವು ಯಾವುವೂ ಇಲ್ಲ ಎಂದು ತಮ್ಮ ಸಹಿ, ಮೊಹರು, ತಾರೀಖಿನ ಸಮೇತ ನಮಗೆ ಕಾಗದ ಕೊಡಿ. ಕೊಟ್ಟರೆ ಅದರ ಮುಂದಿನ ಶನಿವಾರ ನಮ್ಮ ತರಗತಿ ಕಾಲುವೆಯ ಏರಿಯ ಮೇಲೆ ನಡೆಯುತ್ತದೆ, ಹೇಗೂ ಶಾಲೆಗೆ ನಮ್ಮನ್ನು ಬಿಡುವುದಿಲ್ಲವಲ್ಲ. ಕೊನೆಯ ಮೂರು ಊರಿನವರು ಗುದ್ದಲಿ ಹಿಡಿದು ಬರುತ್ತಾರೆ, ಪುಟ್ಟತಾಯಮ್ಮ ಬುತ್ತಿ ತರುತ್ತೇನೆ ಎಂದಿದ್ದಾರೆ. ಕರಿಯಯ್ಯನವರು ಹೊಂಗೆ ಎಲೆ ಬಿಡುತ್ತಾರೆ. ಎಲೆ ಎಲ್ಲೆಲ್ಲಿ ಸುತ್ತುತ್ತದೋ ಅಲ್ಲಲ್ಲಿ ನಾವು ಇಲ್ಲದ ಚಪ್ಪಡಿ ಎತ್ತಿ ಇಲ್ಲದ ಪೈಪನ್ನು ಕಿತ್ತುಹಾಕುತ್ತೇವೆ. ಇಲ್ಲದ್ದು ಕಳೆದುಹೋಯಿತೆಂದು ಯಾರೂ ದೂರು ಕೊಡಲಾರರು, ಕೊಟ್ಟರೆ ತಮ್ಮ ಕಾಗದವನ್ನೇ ತೋರಿಸುತ್ತೇವೆ. ಹಾಗಲ್ಲ, ಪೈಪುಗಳು ಇವೆ ಎನ್ನುವುದಾದರೆ ತಾವೇ ಬಂದು ಕೀಳಿಸಿ. ಗೆಲ್ಲುವುದು ಹೇಗೆಂದು ತಮಗೆ ಒಮ್ಮೆ ಹೇಳಿಕೊಟ್ಟಾಗಿದೆ. ಮಕ್ಕಳ ಆರು ಕಂಪ್ಯೂಟರುಗಳು ಇದ್ದಂತೆಯೇ ಶಾಲೆಗೆ ಬರಬೇಕು, ನಮ್ಮ ಕುರ್ಚಿಗಳೂ.

ನನ್ನ ಟೈಪ್‌ರೈಟರಿನ ದಕಾರ ಸವೆದಿರುವುದರಿಂದ ಈ ಪತ್ರವನ್ನು ಮೊಬೈಲಿನಲ್ಲಿ ಟೈಪ್ ಮಾಡಿಕೊಟ್ಟವಳು ರಮ್ಯ. ಕೀಳುವುದನ್ನು ಎಲ್ಲಿಂದ ಶುರು ಮಾಡುವುದು ಎಂದು ಕೇಳಿದೆ. ಮೇಲಿನಿಂದ, ಒಂದನೆಯದರಿಂದ ಎಂದರು ಕರಿಯಯ್ಯನವರು. ಹುಡುಗಿ ಮೊಬೈಲಿನಿಂದ ತಲೆ ಎತ್ತಲಿಲ್ಲ.

“ಬ್ಯಾಡ ತಾತ. ಏಳ್ನೇದು ಮೊದ್ಲು. ಆಮೇಲೆ ಉಳ್ದೋರು ಯಾರೂ ನಮ್ಮನ್ನ ಕೇಳಂಗಿಲ್ಲ.”

ಏಳನೆಯದರಿಂದಲೇ ಶುರು ಮಾಡುತ್ತೇವೆ. ತಮ್ಮ ಏಳು ದಿನದಲ್ಲಿ ಇನ್ನೆರಡು ಉಳಿದಿವೆ.

ಇಂತಿ, ಮೂವತ್ತಾರು ವರ್ಷ ತಮ್ಮಂಥವರನ್ನು ಹೊಗಳಿದ ತಪ್ಪಿಗೆ ಇಷ್ಟನ್ನು ಬರೆದವನು,

ಸುಭಾನ್
ಕಸುಬಿಲ್ಲದ ವೃದ್ಧ, ಒಂಬತ್ತನೇ ತರಗತಿ, ಹಿಂದಿನ ಬೆಂಚು

ಮತ್ತು, ರಮ್ಯ ತೋರಿಸಿದ ಅಕ್ಷರಗಳನ್ನು ಒಂದೊಂದಾಗಿ ತನ್ನ ಬೆರಳಿನಿಂದಲೇ ಒತ್ತಿದ

ಕರಿಯಯ್ಯ
ನೀರುಗಂಟಿ
(ಆಧಾರ: ತಮ್ಮ ನೋಟಿಸು, ಮೊದಲನೆಯ ಪ್ಯಾರಾ)